ಥಿಯರಿಯಲ್ಲಿ ಮಾತ್ರ ಇದ್ದ ಬಗ್

ಕೋಡ್ ರಿವ್ಯೂನಲ್ಲಿ ‘ಅದು ಥಿಯರಿಯಲ್ಲಿ ಮಾತ್ರ ಆಗೋದು ಬಿಡಿ’ ಅನ್ನೋ ಮಾತು ನೀವೂ ಕೇಳಿರ್ತೀರಿ. ನಾನಂತೂ ಹೇಳಿಯೂ ಇದ್ದೇನೆ. ಲಿನಕ್ಸ್‌ನ ‘ಡರ್ಟಿ ಕೌ’ ಬಗ್ ಕಥೆ ಓದಿದ ಮೇಲೆ ನಿಲ್ಲಿಸಿದೆ.

ಓದಲಷ್ಟೇ ಅನುಮತಿಯಿರುವ ಫೈಲನ್ನು ಖಾಸಗಿಯಾಗಿ ಮ್ಯಾಪ್ ಮಾಡಿಕೊಂಡು ಬರೆಯಹೊರಟರೆ, ಕರ್ನಲ್ ಆ ಪೇಜಿನ ನಕಲು ಮಾಡಿ ಅದರ ಮೇಲೆ ಬರೆಸುತ್ತದೆ. ನಮ್ಮೂರ ನಾಡಕಚೇರಿಯಲ್ಲಿ ಪಹಣಿ ನಕಲು ಕೊಡೋ ಹಾಗೆ: ಅದರ ಮೇಲೆ ಏನೇ ಗೀಚಿದರೂ ಮೂಲ ದಾಖಲೆ ಕೆಡೋದಿಲ್ಲ.

ಎಡವಟ್ಟಾದದ್ದು ನಕಲು ಆದಮೇಲೆ. ಕರ್ನಲ್ ‘ಇದು ಬರೆಯೋದಕ್ಕೆ’ ಅನ್ನೋ ಗುರುತನ್ನೇ ಅಳಿಸಿ ಪೇಜನ್ನು ಮತ್ತೆ ಹುಡುಕುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಥ್ರೆಡ್ ನಕಲನ್ನು ಎಸೆದುಬಿಟ್ಟರೆ ಕೈಗೆ ಸಿಗುತ್ತಿದ್ದದ್ದು ಮೂಲ ಪೇಜೇ. ಸಾಮಾನ್ಯ ಯೂಸರ್ ರೂಟ್ ಆಗಲು ಅಷ್ಟು ಸಾಕಿತ್ತು.

ಲಿನಸ್ ಟೋರ್ವಾಲ್ಡ್ಸ್ 2005ರಲ್ಲೇ ಇದನ್ನು ಸರಿಪಡಿಸಲು ನೋಡಿದ್ದರು; ಎಸ್390 ಯಂತ್ರಗಳಲ್ಲಿ ತೊಂದರೆಯಾಗಿ ಆ ತಿದ್ದುಪಡಿ ವಾಪಸಾಯಿತು. ಆಗ ಅದು ಬರೀ ಥಿಯರಿಯ ರೇಸ್ ಆಗಿತ್ತು ಅಂತ ಅವರೇ ಬರೆದಿದ್ದಾರೆ. ಮತ್ತೆ ತಿದ್ದಿದ್ದು 2016ರ ಅಕ್ಟೋಬರ್‌ನಲ್ಲಿ. ಅದೂ ದೊಡ್ಡ ಬೀಗವೇನಲ್ಲ, ‘ನಕಲು ಆಗಿದೆ’ ಅಂತ ನೆನಪಿಡುವ ಒಂದು ಫ್ಲ್ಯಾಗ್. 2017ರಲ್ಲಿ ಹ್ಯೂಜ್ ಪೇಜ್‌ಗಳ ಕಡೆ ಅದಕ್ಕೂ ಒಂದು ತೂತು ಸಿಕ್ಕಿತು.

ಬಗ್ ಬಿಟ್ಟದ್ದಕ್ಕೆ ನನ್ನ ತಕರಾರಿಲ್ಲ. ಗೊತ್ತಿದ್ದೂ ‘ಅಪರೂಪ’ ಅಂತ ಪಕ್ಕಕ್ಕಿಟ್ಟದ್ದಕ್ಕೆ ಇದೆ. ಅಪರೂಪ ಅನ್ನೋದು ನಮ್ಮ ಲೆಕ್ಕ. ದಾಳಿಗೆ ಕೂತವನು ಅದನ್ನೇ ಲೂಪ್‌ನಲ್ಲಿ ಹಾಕಿ ಲಕ್ಷ ಸಲ ಓಡಿಸ್ತಾನೆ. ಅವನಿಗೆ ಒಂದು ಸಲ ಗೆದ್ದರೆ ಸಾಕು.