ಗುಲಾಮಗಿರಿಯ ಋಣ: ಎರಡು ಗ್ರಂಥಗಳ ವಿಮರ್ಶೆ

ವೆಸ್ಟ್ ಇಂಡೀಸಿನ ಗುಲಾಮಗಿರಿಗಾಗಿ ಬ್ರಿಟನ್ ಕ್ಷಮೆ ಯಾಚಿಸಿ ಪರಿಹಾರ ಕೊಡಬೇಕೆಂಬ ವಾದಕ್ಕೆ ಮುಖ್ಯವಾಗಿ ಎರಡು ಗ್ರಂಥಗಳು ಆಧಾರವಾಗಿವೆ. ಮೊದಲನೆಯದು ಟ್ರಿನಿಡಾಡಿನ ಎರಿಕ್ ವಿಲಿಯಮ್ಸರು 1944ರಲ್ಲಿ ಪ್ರಕಟಿಸಿದ ‘ಕ್ಯಾಪಿಟಲಿಸಂ ಅಂಡ್ ಸ್ಲೇವರಿ’. ಎರಡನೆಯದು ಬಾರ್ಬಡೋಸಿನ ಇತಿಹಾಸಕಾರ ಹಿಲರಿ ಬೆಕಲ್ಸರ ‘ಬ್ರಿಟನ್ಸ್ ಬ್ಲ್ಯಾಕ್ ಡೆಟ್’ (2013). ಮೊದಲನೆಯದು ಪರಿಹಾರವನ್ನು ಕೇಳಲು ಬರೆದ ಗ್ರಂಥವಲ್ಲ. ಆದರೆ ಕೇಳುವವರಿಗೆ ಯುಕ್ತಿಗಳನ್ನು ಒದಗಿಸಿದ್ದು ಅದೇ. ಎರಡನೆಯದು ನೇರವಾಗಿ ದಾವೆಯನ್ನೇ ಹೂಡುತ್ತದೆ. ಆ ದಾವೆಯ ಬಲಾಬಲಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಲಿಯಮ್ಸರ ಸಿದ್ಧಾಂತಕ್ಕೆ ಎರಡು ಅಂಗಗಳುಂಟು. ಗುಲಾಮರ ವ್ಯಾಪಾರದಿಂದಲೂ ಸಕ್ಕರೆಯ ತೋಟಗಳಿಂದಲೂ ಬಂದ ಲಾಭ ಬ್ರಿಟನ್ನಿನ ಕೈಗಾರಿಕಾ ಕ್ರಾಂತಿಗೆ ಬಂಡವಾಳವಾಯಿತೆಂಬುದು ಒಂದು; ಆ ತೋಟಗಳು ಕ್ಷೀಣದಶೆಗೆ ಇಳಿದುದರಿಂದಲೇ ಬ್ರಿಟನ್ನಿಗೆ ಗುಲಾಮಗಿರಿ ಬೇಡವಾಯಿತೆಂಬುದು ಇನ್ನೊಂದು. ವಿಲ್ಬರ್‌ಫೋರ್ಸ್ ಮೊದಲಾದವರ ಧರ್ಮಬುದ್ಧಿಯೊಂದೇ ಗುಲಾಮರನ್ನು ಬಿಡಿಸಿತೆಂಬ ಆತ್ಮಪ್ರಶಂಸೆಯನ್ನು ಈ ಗ್ರಂಥ ಬುಡದಿಂದ ಅಲುಗಿಸಿತು. ಇದು ಅದರ ಸ್ಥಿರವಾದ ಸಾಧನೆ. ಆದರೆ ಎರಡು ಅಂಗಗಳೂ ಪ್ರಶ್ನೆಗೆ ಗುರಿಯಾಗಿವೆ. ಗುಲಾಮರ ವ್ಯಾಪಾರದ ಲಾಭ ರಾಷ್ಟ್ರದ ವರಮಾನದಲ್ಲಿ ಅಲ್ಪಭಾಗವೆಂದು ಸ್ಟ್ಯಾನ್ಲಿ ಎಂಗರ್‌ಮನ್ನರು 1972ರಲ್ಲಿ ಲೆಕ್ಕ ಹಾಕಿದರು. 1807ರಲ್ಲಿ ಆ ವ್ಯಾಪಾರ ನಿಷಿದ್ಧವಾದಾಗ ತೋಟಗಳು ಕ್ಷೀಣಿಸಿರಲಿಲ್ಲವೆಂದು ಸೀಮೋರ್ ಡ್ರೆಷರರು 1977ರಲ್ಲಿ ವಾದಿಸಿದರು. ವಿಲಿಯಮ್ಸರ ಪಕ್ಷವನ್ನು ವಹಿಸುವ ವಿದ್ವಾಂಸರೂ ಇದ್ದಾರೆ. ಚರ್ಚೆ ಇನ್ನೂ ಮುಗಿದಿಲ್ಲ.

ಅಪಾಯವಿರುವುದು ಇಲ್ಲಿಯೇ. ಪರಿಹಾರದ ಹಕ್ಕನ್ನು ಲಾಭದ ಪ್ರಮಾಣದ ಮೇಲೆ ನಿಲ್ಲಿಸಿದರೆ, ಅರ್ಥಶಾಸ್ತ್ರಜ್ಞರು ಅಂಕಿಗಳನ್ನು ತಿದ್ದಿದಾಗಲೆಲ್ಲ ಹಕ್ಕೂ ಕುಗ್ಗಬೇಕಾಗುತ್ತದೆ. ಕದ್ದವನು ಶ್ರೀಮಂತನಾದನೇ ಎಂಬುದು ಒಂದು ಪ್ರಶ್ನೆ. ಕಳೆದುಕೊಂಡವನಿಗೆ ಸಲ್ಲಬೇಕಾದುದೇನು ಎಂಬುದು ಬೇರೆಯೇ ಪ್ರಶ್ನೆ. ಬೆಕಲ್ಸರು ಇವೆರಡನ್ನೂ ಬೆಸೆದು ಹೇಳುವುದರಿಂದ ಅವರ ವಾದ ವಿಸ್ತಾರವಾಗಿದೆ. ಆದರೆ ಆ ವಿಸ್ತಾರಕ್ಕೆ ತಕ್ಕ ದೃಢತೆ ಅದಕ್ಕಿಲ್ಲ.

ಅವರ ಗ್ರಂಥದ ಅಭೇದ್ಯವಾದ ಭಾಗ 1833ರ ವಿಮೋಚನಾ ಕಾನೂನಿನ ಹಣದ ಲೆಕ್ಕವನ್ನು ಕುರಿತದ್ದು. ಸುಮಾರು 8 ಲಕ್ಷ ಗುಲಾಮರ ಬಿಡುಗಡೆಗೆ ಪಾರ್ಲಿಮೆಂಟು ಒಡೆಯರಿಗೆ 2 ಕೋಟಿ ಪೌಂಡುಗಳನ್ನು ಗೊತ್ತುಪಡಿಸಿತು. ಇದು ಸರ್ಕಾರದ ಅಂದಿನ ವಾರ್ಷಿಕ ವೆಚ್ಚದಲ್ಲಿ ನೂರಕ್ಕೆ ಸುಮಾರು 40 ಪಾಲು. ಕಮಿಷನರು 1822ರಿಂದ 1830ರ ವರೆಗಿನ ಮಾರಾಟದ ಬೆಲೆಗಳ ಸರಾಸರಿಯನ್ನು ವಸಾಹತುವಾರು ತೆಗೆದರು. ಮೇಸ್ತ್ರಿ, ಕುಶಲಕರ್ಮಿ, ಹೊಲದ ಆಳು, ಮನೆಯಾಳು, ಮುದುಕ, 6 ವರ್ಷದೊಳಗಿನ ಮಗು ಎಂದು ವಿಂಗಡಿಸಿ ದರ ಕಟ್ಟಿದರು. ಮಗುವಿನ ಬೆಲೆಯೂ ತಾಯಿಗಲ್ಲ, ಒಡೆಯನಿಗೆ ಸಂದಿತು. ಗುಲಾಮರಿಗೆ ಕವಡೆಯೂ ದೊರೆಯಲಿಲ್ಲ. ಅವರಲ್ಲಿ ಬಹುಮಂದಿ 1838ರ ಆಗಸ್ಟ್ 1ರ ವರೆಗೆ ‘ಅಪ್ರೆಂಟಿಸ್’ ಎಂಬ ಹೊಸ ಹೆಸರಿನಲ್ಲಿ ಅದೇ ಒಡೆಯರಿಗೆ ಕೂಲಿಯಿಲ್ಲದೆ ದುಡಿಯಬೇಕಾಯಿತು.

ಈ ಲೆಕ್ಕದ ಮುಂದೆ ಸಾಮಾನ್ಯವಾದ ಎರಡು ಆಕ್ಷೇಪಣೆಗಳು ನಿಲ್ಲಲಾರವು. ಮನುಷ್ಯನ ದುಡಿಮೆಗೆ ಬೆಲೆ ಕಟ್ಟುವುದು ಅಸಾಧ್ಯವೆನ್ನುವವರಿಗೆ ಬ್ರಿಟಿಷ್ ಸರ್ಕಾರವೇ ಅದನ್ನು ಕಟ್ಟಿ ತೋರಿಸಿದೆ. ಪೂರ್ವಿಕರ ತಪ್ಪಿಗೆ ಇಂದಿನ ತೆರಿಗೆದಾರರು ಏಕೆ ತೆರಬೇಕೆನ್ನುವವರಿಗೂ ಉತ್ತರವುಂಟು: ಆ ಪರಿಹಾರಕ್ಕಾಗಿ ಎತ್ತಿದ ಸಾಲದ ಶೇಷ 2015ರಲ್ಲಿ ತೀರಿತೆಂದು ಬ್ರಿಟಿಷ್ ಖಜಾನೆಯೇ ತಿಳಿಸಿದೆ. ಒಡೆಯರ ವಿಷಯದಲ್ಲಿ ಕಾಲ ಕಳೆದರೂ ಅಳಿಯದ ಋಣ ಗುಲಾಮರ ವಿಷಯದಲ್ಲಿ ಮಾತ್ರ ಅಳಿಯುವುದೆಂತು? ಯಾರಿಗೆ ಕೊಡಬೇಕೆಂಬ ಮೂರನೆಯ ಪ್ರಶ್ನೆ ಮಾತ್ರ ನಿಜವಾಗಿ ಕಠಿಣ. ಕೆರಿಬಿಯನ್ ರಾಷ್ಟ್ರಗಳ ಒಕ್ಕೂಟ 2014ರಲ್ಲಿ ಒಪ್ಪಿದ ಹತ್ತು ಅಂಶಗಳು ಕ್ಷಮಾಯಾಚನೆ, ಆರೋಗ್ಯ, ವಿದ್ಯೆ, ಸಾಲಮನ್ನಾಗಳನ್ನು ಕೇಳಿ, ಪ್ರಶ್ನೆಯನ್ನು ವ್ಯಕ್ತಿಗಳಿಂದ ಸಮಾಜಕ್ಕೆ ತಿರುಗಿಸಿವೆ. ಇದು ವಿವೇಕದ ಮಾರ್ಗ.

ಕ್ಷಮಾಯಾಚನೆಯೊಂದೇ ಸಾಲದೇ ಎಂದು ಕೇಳಬಹುದು. ನೆದರ್ಲೆಂಡ್ಸ್ 1863ರಲ್ಲಿ ಸುರಿನಾಮಿನ ಒಡೆಯರಿಗೆ ಗುಲಾಮನೊಬ್ಬನಿಗೆ 300 ಗಿಲ್ಡರಿನಂತೆ ತೆತ್ತು, ಬಿಡುಗಡೆಯಾದವರನ್ನು ಮುಂದೆ ಹತ್ತು ವರ್ಷ ಸರ್ಕಾರದ ಮೇಲ್ವಿಚಾರಣೆಯಲ್ಲಿ ದುಡಿಸಿತು. ಆ ದೇಶದ ಪ್ರಧಾನಿ ಮಾರ್ಕ್ ರುಟ್ಟೆ 2022ರ ಡಿಸೆಂಬರ್ 19ರಂದು ಸ್ಪಷ್ಟವಾಗಿ ಕ್ಷಮೆ ಯಾಚಿಸಿದರು. ಜನಜಾಗೃತಿಗೆಂದು 20 ಕೋಟಿ ಯೂರೋಗಳ ನಿಧಿಯೂ ಬಂದಿತು. ಆದರೆ ವಂಶಜರಿಗೆ ವೈಯಕ್ತಿಕ ಪರಿಹಾರವಿಲ್ಲವೆಂದಾಯಿತು. ಅಂದು ಒಡೆಯರಿಗೆ ಹಣ ಸಂದಿತು, ಇಂದು ಗುಲಾಮರ ವಂಶಜರಿಗೆ ಮಾತು ಸಂದಿದೆ. ಮಾತಿಗೂ ಬೆಲೆಯುಂಟು, ಆದರೆ ಅದು ಲೆಕ್ಕದ ಆರಂಭವೇ ಹೊರತು ಮುಕ್ತಾಯವಲ್ಲ.

ಈ ವಿಷಯ ನಮಗೂ ದೂರದ್ದಲ್ಲ. 1833ರ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಯ ಒಕ್ಕಲು ಜೀತದಾಳುಗಳು 1843ರ ಐದನೆಯ ಆಕ್ಟಿನ ವರೆಗೆ ಕಾಯಬೇಕಾಯಿತು. ಗುಲಾಮರ ಒಡೆಯನಾಗಿ ಲಕ್ಷ ಪೌಂಡುಗಳಿಗೂ ಮಿಕ್ಕಿದ ಪರಿಹಾರ ಪಡೆದ ಜಾನ್ ಗ್ಲ್ಯಾಡ್‌ಸ್ಟನ್ನನ ಪ್ರಯತ್ನದಿಂದಲೇ 1838ರಲ್ಲಿ ಕಲ್ಕತ್ತೆಯಿಂದ ಸುಮಾರು 400 ಮಂದಿ ಭಾರತೀಯ ಕೂಲಿಗಳು ಬ್ರಿಟಿಷ್ ಗಯಾನಾ ಸೇರಿದರು. ಆದುದರಿಂದ ನಮ್ಮ ತರಗತಿಗಳಲ್ಲಿ ಗುಲಾಮರ ವಿಮೋಚನೆಯನ್ನು ಬೋಧಿಸುವಾಗ, ಕಾನೂನಿನ ವರ್ಷದೊಡನೆ ಆ 2 ಕೋಟಿ ಪೌಂಡು ಯಾರ ಕೈ ಸೇರಿತೆಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸುವುದು ಇತಿಹಾಸದ ಅಧ್ಯಾಪಕರ ಕರ್ತವ್ಯ.