ಸರಮೆಯ ಪ್ರಶ್ನೆಯೂ ಕಣ್ವರ ನ್ಯಾಸವೂ

ನಮ್ಮ ಪ್ರಾಚೀನ ಕಾವ್ಯಗಳ ಪ್ರಾಣಿಪಾತ್ರಗಳನ್ನು ಕುರಿತು ವಿಮರ್ಶಕರು ಬರೆದಿರುವುದು ಬಹಳವುಂಟು. ಆದರೆ ಹಂಸಕ್ಕೂ ಶುಕಕ್ಕೂ ಹರಿಣಕ್ಕೂ ಸಂದಿರುವ ಆದರವು ನಾಯಿಗೆ ಸಂದಿಲ್ಲ. ಯಜ್ಞಶಾಲೆಯ ಸಮೀಪಕ್ಕೆ ಬಂದರೆ ಓಡಿಸತಕ್ಕ ಜಂತುವೆಂಬ ಆಚಾರಭಾವನೆಯೇ ಇದಕ್ಕೆ ಕಾರಣವಾಗಿರಬಹುದು. ಹೀಗಿದ್ದರೂ ಮಹಾಭಾರತವು ತನ್ನ ಆದಿಯಲ್ಲಿ ಒಂದು ನಾಯಿಯನ್ನೂ ಅಂತ್ಯದಲ್ಲಿ ಮತ್ತೊಂದು ನಾಯಿಯನ್ನೂ ನಿಲ್ಲಿಸಿರುವುದು ವಿಚಾರಮಾಡತಕ್ಕ ಸಂಗತಿಯಾಗಿದೆ. ಕನ್ನಡದ ವಾಚಕರಿಗೆ ಎರಡನೆಯ ಪ್ರಸಂಗವು ಕುಮಾರವ್ಯಾಸನಿಂದ ದೊರೆಯಲಿಲ್ಲ. ಆತನು ಹತ್ತು ಪರ್ವಗಳಿಗೆ, ಎಂದರೆ ಗದಾಪರ್ವಕ್ಕೆ, ಕಾವ್ಯವನ್ನು ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿಯು ಪೂರೈಸಿದನು. ಗಮಕಿಗಳ ಬಾಯಲ್ಲಿ ಕುಮಾರವ್ಯಾಸನೇ ಹೆಚ್ಚಾಗಿ ನಿಂತುದರಿಂದ ಮಹಾಪ್ರಸ್ಥಾನದ ನಾಯಿಯು ನಮಗೆ ಹೇಳಿಕೆಯ ಕಥೆಯಾಗಿ ಪರಿಚಿತವೇ ಹೊರತು ಕಾವ್ಯಾನುಭವವಾಗಿ ಅಲ್ಲ.

ಈ ಪ್ರಸಂಗಗಳನ್ನು ಈಗ ಎತ್ತಿಕೊಳ್ಳುವುದಕ್ಕೆ ಒಂದು ಕಾರಣವುಂಟು. ಅಮೆರಿಕದವರು ‘ಪಪ್ಪಿ ಮಿಲ್’ ಎಂದು ಕರೆಯುವ ನಾಯಿಮರಿಗಳ ಕಾರ್ಖಾನೆಗಳೂ, ಅಲ್ಲಿಂದ ಬಿಡಿಸಿ ತಂದ ಸಣ್ಣ ನಾಯಿಗಳನ್ನು ತಮ್ಮ ಮನೆಗಳಲ್ಲಿ ಕೆಲವು ಕಾಲ ಸಾಕಿ, ಸುಧಾರಿಸಿ, ಯೋಗ್ಯರ ಕೈಗೊಪ್ಪಿಸುವ ಗೃಹಸ್ಥರೂ ಈ ಕಾಲದ ಒಂದು ಹೊಸ ಧರ್ಮಸಮಸ್ಯೆಯನ್ನು ತಂದಿಟ್ಟಿರುವರು. ಈ ಸಮಸ್ಯೆಯಲ್ಲಿ ಹಳೆಯ ಗ್ರಂಥಗಳು ನಮಗೆ ದಾರಿ ತೋರುವುದು ಮಾತ್ರವಲ್ಲದೆ, ಈ ಸಮಸ್ಯೆಯೇ ಆ ಗ್ರಂಥಗಳ ಕೆಲವು ಸ್ಥಳಗಳಿಗೆ ಹೊಸ ವ್ಯಾಖ್ಯಾನವಾಗಬಲ್ಲುದೆಂದು ನನಗೆ ತೋರುತ್ತದೆ.

ಮೊದಲು ವಸ್ತುಸ್ಥಿತಿಯನ್ನು ಹೇಳುವೆನು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಮಧ್ಯಪ್ರಾಂತಗಳ ರೈತರು ಬೆಳೆಯ ಜೊತೆಗೆ ನಾಯಿಮರಿಗಳನ್ನೂ ಒಂದು ಆದಾಯದ ಬೆಳೆಯಾಗಿ ತೆಗೆಯಲು ಆರಂಭಿಸಿದರು. ಮಡಿಲಲ್ಲಿ ಕೂರಿಸಿಕೊಳ್ಳತಕ್ಕ ಸಣ್ಣ ತಳಿಗಳಿಗೆ ಬೆಲೆ ಹೆಚ್ಚು, ತಗಲುವ ಸ್ಥಳ ಕಡಮೆ. ಆದುದರಿಂದ ಅವುಗಳ ಪಾಡು ಅಧಿಕವಾಯಿತು. ಅಲ್ಲಿಯ ಪ್ರಾಣಿರಕ್ಷಣೆಯ ಕಾಯಿದೆಯು ೧೯೬೬ರಲ್ಲಿ ಹುಟ್ಟಿತು. ಅದರ ನಿಯಮಗಳಂತೆ ಗೂಡಿನ ನೆಲದ ಕನಿಷ್ಠ ವಿಸ್ತಾರವನ್ನು ಹೀಗೆ ಲೆಕ್ಕಹಾಕಬೇಕು: ಮೂಗಿನ ತುದಿಯಿಂದ ಬಾಲದ ಬುಡದವರೆಗೆ ನಾಯಿಯನ್ನಳೆದು, ಆರು ಅಂಗುಲ ಕೂಡಿಸಿ, ಬಂದ ಮೊತ್ತವನ್ನು ವರ್ಗಮಾಡತಕ್ಕದ್ದು. ಹದಿನೆಂಟು ಅಂಗುಲದ ನಾಯಿಗೆ ಇದು ಸರಿಯಾಗಿ ೪ ಚದರಡಿಯಾಗುವುದು. ಎತ್ತರವು ತಲೆಯ ಮೇಲೆ ಆರಂಗುಲವಿದ್ದರೆ ಸಾಕು. ನಾಯಿಯ ಗರ್ಭಕಾಲವು ಸುಮಾರು ೬೩ ದಿನ. ಮಿಲ್ಲಿನ ಲೆಕ್ಕದಲ್ಲಿ ಹೆಣ್ಣುನಾಯಿಗೆ ಹೆಸರಿಲ್ಲ, ಅಂಕಿಯುಂಟು. ಅದು ಸೂಲಿನ ಮೇಲೆ ಸೂಲು ಹೆತ್ತು, ಹೆರಲಾರದಾದಾಗ ಬೇಡವಾದ ವಸ್ತುವಾಗುವುದು. ಹೀಗೆ ಬಿಡಿಸಲ್ಪಟ್ಟ ನಾಯಿಗಳಲ್ಲಿ ಕೂದಲು ಜಡೆಗಟ್ಟಿರುವುದು, ಹಲ್ಲುಗಳು ಕೊಳೆತಿರುವುದು, ತಂತಿಯ ನೆಲದ ಮೇಲೆ ನಿಂತು ನಿಂತು ಬೆರಳುಗಳು ಅಗಲಿಸಿರುವುದು ಸಾಮಾನ್ಯ. ಹುಲ್ಲಿನ ಮೇಲೆ ಕಾಲಿಡಲು ಅವು ಅಂಜುವುವು, ಮೆಟ್ಟಿಲೆಂದರೇನೆಂದು ಅರಿಯವು, ಗೂಡಿನಷ್ಟೇ ಜಾಗದಲ್ಲಿ ಸುತ್ತುತ್ತಿದ್ದ ಅಭ್ಯಾಸದಿಂದ ಅಂಗಳದಲ್ಲಿಯೂ ಸುತ್ತುವುವು.

ಈಗ ಆದಿಪರ್ವಕ್ಕೆ ಬರೋಣ. ಜನಮೇಜಯನು ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ಮಾಡುತ್ತಿರುವಾಗ ಸರಮೆಯ ಮಗನಾದ ಒಂದು ನಾಯಿಯು ಅಲ್ಲಿಗೆ ಬರುವುದು. ತಮ್ಮಂದಿರು ಅದನ್ನು ಹೊಡೆಯುವರು. ಅದು ಅಳುತ್ತ ತಾಯಿಯ ಬಳಿಗೆ ಓಡುವುದು. ತಾಯಿಯು ಕೇಳುವ ಮಾತು, ನೀನೇನಾದರೂ ತಪ್ಪು ಮಾಡಿದೆಯಾ ಎಂಬುದು. ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲವೆಂದು ಮಗನು ಹೇಳಿದ ಮೇಲೆಯೇ ಅವಳು ಸತ್ರಕ್ಕೆ ಹೋಗಿ, ನಿರಪರಾಧಿಯನ್ನೇಕೆ ಹೊಡೆದಿರಿ ಎಂದು ಪ್ರಶ್ನಿಸುವಳು. ಅವರು ಉತ್ತರ ಕೊಡುವುದಿಲ್ಲ. ಆಗ ಅವಳು, ಕಾಣದಿರುವ ಭಯವೊಂದು ನಿಮಗೆ ಬರಲೆಂದು ಶಪಿಸುವಳು. ಈ ಶಾಪವನ್ನು ಶಾಂತಿಗೊಳಿಸಬಲ್ಲ ಪುರೋಹಿತನನ್ನು ಹುಡುಕಿಕೊಂಡು ಚಕ್ರವರ್ತಿಯು ಅಲೆಯುವನು.

ಈ ಉಪಾಖ್ಯಾನವನ್ನು ಪೀಠಿಕೆಯ ಅಲಂಕಾರವೆಂದು ದಾಟಿಹೋಗುವ ಪದ್ಧತಿಯುಂಟು. ಅದು ಸರಿಯಲ್ಲ. ಸರ್ಪಗಳನ್ನು ಜಾತಿಗೆ ಜಾತಿಯಾಗಿ ಸುಡಲಿರುವ ರಾಜನ ಕಥೆಯು, ತಪ್ಪಿಲ್ಲದ ಒಂದು ನಾಯಿಗೆ ಬಿದ್ದ ಪೆಟ್ಟಿನಿಂದ ಆರಂಭವಾಗುತ್ತದೆ. ಇಲ್ಲಿ ಗಮನಿಸತಕ್ಕದ್ದು ಪೆಟ್ಟಿಗಿಂತಲೂ ಮೌನ. ಶಾಪವು ಹೊರಡುವುದು ಪೆಟ್ಟು ಬಿದ್ದೊಡನೆ ಅಲ್ಲ, ಪ್ರಶ್ನೆಗೆ ಉತ್ತರ ಬಾರದಿದ್ದಾಗ. ಸತ್ರಮಂಟಪದವರೆಗೆ ನಡೆದುಬಂದು ಕೇಳಬಲ್ಲ ತಾಯಿಯೊಬ್ಬಳು ಆ ಮರಿಗಿದ್ದಳು. ಅಂಗಡಿಯ ಗಾಜಿನ ಹಿಂದೆ ಕುಳಿತ ಮರಿಗೆ ಅಂತಹ ತಾಯಿಯಿಲ್ಲ. ಅವಳು ಎಲ್ಲಿಯೋ ಗೂಡಿನಲ್ಲಿ ಮುಂದಿನ ಸೂಲಿಗೆ ಸಿದ್ಧವಾಗುತ್ತಿರುವಳು. ಮರಿಯ ಮುದ್ದುಮುಖವನ್ನು ನೋಡಿ ಹಣ ಕೊಡುವವನಿಗೆ ತಾಯಿಯು ಕಾಣಿಸದಂತೆ ಮಾಡಿರುವುದೇ ಈ ವ್ಯಾಪಾರದ ಗುಟ್ಟು.

ಇಂಗ್ಲೆಂಡಿನವರು ಈ ಗುಟ್ಟನ್ನು ಅರಿತು ಕಾಯಿದೆಯನ್ನು ರಚಿಸಿದರು. ವೇಲ್ಸಿನ ಒಂದು ತಳಿಶಾಲೆಯಿಂದ ೨೦೧೩ರಲ್ಲಿ ಬಿಡಿಸಲ್ಪಟ್ಟ ಲೂಸಿ ಎಂಬ ಕ್ಯಾವಲಿಯರ್ ಸ್ಪ್ಯಾನಿಯಲ್ ನಾಯಿಯು ೨೦೧೬ರಲ್ಲಿ ಸತ್ತಿತು. ಅದರ ಹೆಸರಿನಿಂದ ಪ್ರಸಿದ್ಧವಾದ ಶಾಸನವು ೨೦೨೦ರ ಏಪ್ರಿಲ್ ೬ರಂದು ಜಾರಿಗೆ ಬಂದಿತು. ಆರು ತಿಂಗಳೊಳಗಿನ ಮರಿಗಳನ್ನು ಮಧ್ಯವರ್ತಿಗಳು ಮಾರಕೂಡದು. ಕೊಳ್ಳುವವನು ಮರಿಯನ್ನು ಅದು ಹುಟ್ಟಿದ ಸ್ಥಳದಲ್ಲಿ ತಾಯಿಯೊಡನೆ ನೋಡಬೇಕು. ಸರಮೆಯನ್ನು ಮಂಟಪಕ್ಕೆ ಕರೆತರುವ ಉಪಾಯವೇ ಇದು. ನಮ್ಮ ದೇಶದಲ್ಲಿಯೂ ೨೦೧೭ರ ನಿಯಮಗಳಂತೆ ತಳಿಗಾರನು ನೋಂದಣಿ ಮಾಡಿಸತಕ್ಕದ್ದು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹೆಣ್ಣುನಾಯಿಗೆ ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚಾಗಕೂಡದು. ಆದರೆ ಮೂಲಕಾಯಿದೆಯು ೧೯೬೦ರದು. ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದಿಂದ ಬಂದ ಆ ಕಾಯಿದೆಯು ಕ್ರೌರ್ಯದ ಮೊದಲ ಅಪರಾಧಕ್ಕೆ ವಿಧಿಸಿದ ದಂಡವು ಹತ್ತರಿಂದ ಐವತ್ತು ರೂಪಾಯಿ. ಒಂದು ಮರಿಯ ಬೆಲೆಯ ಮುಂದೆ ಇದು ಏನೆಂಬುದನ್ನು ವಾಚಕರೇ ಊಹಿಸಬಹುದು.

ಸರಮೆಯ ಹೆಸರು ಋಗ್ವೇದದಷ್ಟು ಹಳೆಯದು. ದಶಮ ಮಂಡಲದ ಸಂವಾದಸೂಕ್ತವೊಂದರಲ್ಲಿ, ಪಣಿಗಳು ಗುಹೆಯಲ್ಲಿ ಬಚ್ಚಿಟ್ಟ ಗೋವುಗಳನ್ನು ಹುಡುಕಿಕೊಂಡು ಅವಳು ಇಂದ್ರನ ದೂತಿಯಾಗಿ ಹೋಗುವಳು. ನಮ್ಮ ಸೋದರಿಯಾಗಿ ಇಲ್ಲಿಯೇ ಇರು, ಗೋವುಗಳಲ್ಲಿ ನಿನಗೂ ಪಾಲು ಕೊಡುವೆವೆಂದು ಪಣಿಗಳು ಆಸೆ ತೋರಿಸುವರು. ಅವಳು ಒಪ್ಪುವುದಿಲ್ಲ. ಪಣಿಯೆಂದರೆ ವಣಿಕ್ಕು ಎಂದು ಯಾಸ್ಕನ ನಿರ್ವಚನ. ಜೀವವುಳ್ಳದ್ದನ್ನು ಕತ್ತಲೆಯಲ್ಲಿ ಕೂಡಿಟ್ಟು ಧನವೆಂದು ಎಣಿಸುವವನೇ ಪಣಿಯೆಂದು ಆ ಸೂಕ್ತದಿಂದ ತಿಳಿಯಬಹುದು. ಅಂದು ಗುಹೆಯಿಂದ ಗೋವುಗಳನ್ನು ಬಿಡಿಸಿದವಳ ಸಂತತಿಯೇ ಇಂದು ಗುಹೆಯಲ್ಲಿರುವುದು.

ಪಣಿಗಳೊಡನೆ ವ್ಯವಹರಿಸುವ ಈ ವಿಷಯದಲ್ಲಿ ಒಂದು ಕ್ಲಿಷ್ಟಪ್ರಶ್ನೆಯುಂಟು: ಹಣ ಕೊಟ್ಟು ಬಿಡಿಸಬಹುದೆ? ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ೧೯೩೩ರಲ್ಲಿ ಪ್ರಕಟಿಸಿದ ‘ಫ್ಲಷ್’ ಎಂಬ ಗ್ರಂಥವು ಕವಯಿತ್ರಿ ಎಲಿಜಬೆತ್ ಬ್ಯಾರೆಟ್ಟಳ ನಾಯಿಯ ಜೀವನಚರಿತ್ರೆ. ೧೮೪೬ರಲ್ಲಿ ಕಳ್ಳರು ಆ ನಾಯಿಯನ್ನು ಕದ್ದು ಆರು ಗಿನಿ ಕೇಳುವರು. ಕೊಟ್ಟರೆ ಕಳ್ಳತನವೇ ವೃದ್ಧಿಯಾಗುವುದೆಂದು, ಆಕೆಯನ್ನು ಮದುವೆಯಾಗಲಿದ್ದ ಕವಿ ಬ್ರೌನಿಂಗನ ವಾದ. ನಾಯಿಯು ಸಾಯುತ್ತಿರುವಾಗ ಸಿದ್ಧಾಂತವೇಕೆಂದು ಆಕೆಯ ವಾದ. ಆಕೆ ಹಣ ಕೊಟ್ಟು ಬಿಡಿಸಿದಳು. ವುಲ್ಫಳು ಇಬ್ಬರ ವಾದಗಳನ್ನೂ ಇಟ್ಟು, ನಡುವೆ ಬಾಯಾರಿ ಮಲಗಿರುವ ನಾಯಿಯನ್ನು ತೋರಿಸುವುದರಲ್ಲಿ ಆ ಭಾಗದ ಬಲವಿದೆ. ಅಮೆರಿಕದಲ್ಲಿ ಕೆಲವು ರಕ್ಷಕಸಂಘಗಳು ತಳಿಗಾರರ ಹರಾಜಿನಲ್ಲಿ ನಾಯಿಗಳನ್ನು ಕೊಳ್ಳುತ್ತಿದ್ದುದನ್ನು ೨೦೧೮ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯು ಬಯಲಿಗೆ ತಂದಾಗ ಇದೇ ವಾದವು ಮತ್ತೆ ಎದ್ದಿತು. ನನ್ನ ಮತವು ಬ್ರೌನಿಂಗನ ಕಡೆಗೆ ವಾಲುವುದು. ಕಳುವಾದದ್ದು ಒಂದೇ ನಾಯಿಯಾಗಿದ್ದರೆ ಹಣ ಕೊಟ್ಟವಳನ್ನು ಯಾರೂ ನಿಂದಿಸಲಾರರು. ಮಿಲ್ಲಿನಲ್ಲಾದರೋ, ಇಂದು ಬಿಡಿಸಿದ ನಾಯಿಯ ಬೆಲೆಯೇ ನಾಳೆ ಅದೇ ಗೂಡಿಗೆ ಬರುವ ನಾಯಿಯ ಮೂಲಧನವಾಗುವುದು. ಸರಮೆಯು ಪಣಿಗಳಿಂದ ಪಾಲನ್ನು ಪಡೆಯಲಿಲ್ಲ; ಅವರಿಗೆ ಬೆಲೆಯನ್ನೂ ಕೊಡಲಿಲ್ಲ.

ಇನ್ನು ಮಹಾಪ್ರಸ್ಥಾನ. ದ್ರೌಪದಿಯೂ ತಮ್ಮಂದಿರೂ ಬಿದ್ದ ಮೇಲೆ ಧರ್ಮರಾಜನೊಡನೆ ಉಳಿಯುವುದು ಹಸ್ತಿನಾವತಿಯಿಂದ ಹಿಂಬಾಲಿಸಿದ ನಾಯಿಯೊಂದೆ. ರಥವನ್ನು ತಂದ ಇಂದ್ರನು ನಾಯಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆನ್ನುವನು. ಹೆಂಡತಿಯನ್ನೂ ತಮ್ಮಂದಿರನ್ನೂ ಬಿಟ್ಟವನಿಗೆ ನಾಯಿಯನ್ನು ಬಿಡುವುದೇನು ಕಷ್ಟವೆಂದು ಕೆಣಕುವನು. ಸತ್ತವರನ್ನು ಬದುಕಿಸಲಾರದೆ ಬಿಟ್ಟೆನು, ಬದುಕಿರುವವರನ್ನು ಬಿಟ್ಟವನಲ್ಲವೆಂದು ರಾಜನ ಉತ್ತರ. ಕಡೆಗೆ ನಾಯಿಯು ಯಮಧರ್ಮನಾಗಿ ತೋರುವುದು. ಪುರಾಣಪ್ರವಚನಗಳಲ್ಲಿ ಈ ಕಡೆಯ ಮಾತಿಗೇ ಒತ್ತು ಬೀಳುವುದರಿಂದ, ಅದು ನಿಜವಾಗಿ ನಾಯಿಯಲ್ಲ, ಪರೀಕ್ಷೆಯ ವೇಷವೆಂದು ಶ್ರೋತೃಗಳು ಸಮಾಧಾನಪಡುವರು. ಈ ವ್ಯಾಖ್ಯಾನವು ಪ್ರಸಂಗದ ಪ್ರಾಣವನ್ನೇ ತೆಗೆಯುವುದೆಂದು ನಾನು ಹೇಳುವೆನು. ನಿರ್ಧಾರವನ್ನು ಮಾಡುವಾಗ ಯುಧಿಷ್ಠಿರನ ಮುಂದಿದ್ದುದು ನಾಯಿ. ಅದಕ್ಕೆ ಕುಲವಿಲ್ಲ, ಹೆಸರಿಲ್ಲ, ಉಪಯೋಗವಿಲ್ಲ. ನಂಬಿ ಬಂದಿತೆಂಬುದೊಂದೇ ಅದರ ಅರ್ಹತೆ. ಯಕ್ಷಪ್ರಶ್ನೆಯಲ್ಲಿ ಆತನು ಪರಮಧರ್ಮವೆಂದ ಆನೃಶಂಸ್ಯಕ್ಕೆ ಇದೇ ಪ್ರಯೋಗ. ಧರ್ಮನೆಂದು ತಿಳಿದು ಕಾಯ್ದಿದ್ದರೆ ಅದು ಭಕ್ತಿಯಾಗುತ್ತಿತ್ತು, ಆನೃಶಂಸ್ಯವಾಗುತ್ತಿರಲಿಲ್ಲ. ಹೆತ್ತು ಸವೆದು, ಹಲ್ಲುದುರಿ, ಮಾರಾಟಕ್ಕೆ ಬಾರದ ಮುದಿನಾಯಿಯನ್ನು ಮನೆಗೆ ತರುವವರಿಗೆ ಯಾವ ದೇವತೆಯೂ ವೇಷ ಕಳಚಿ ತೋರುವುದಿಲ್ಲ. ಆ ನಾಯಿಯು ಕೊನೆಯವರೆಗೂ ನಾಯಿಯೇ.

ಇದಕ್ಕೆ ಶಾಸ್ತ್ರಜ್ಞರು ಭಾಗವತದ ಭರತನನ್ನು ಎದುರು ನಿಲ್ಲಿಸಬಹುದು. ನದಿಯಲ್ಲಿ ತೇಲುತ್ತಿದ್ದ ತಾಯಿಯಿಲ್ಲದ ಜಿಂಕೆಮರಿಯನ್ನು ಕಾಪಾಡಿ, ಅದರ ಮೋಹದಿಂದ ತಪಸ್ಸನ್ನು ಕಳೆದುಕೊಂಡು, ಜಿಂಕೆಯಾಗಿ ಹುಟ್ಟಿದ ರಾಜರ್ಷಿಯಷ್ಟೆ. ಆದರೆ ಆತನು ಕೆಟ್ಟುದು ಮರಿಯನ್ನು ನೀರಿನಿಂದೆತ್ತಿದುದರಿಂದಲ್ಲ, ಅದು ನನ್ನದೆಂದುದರಿಂದ. ಸಾಕುವುದು ಬೇರೆ, ಅಂಟಿಕೊಳ್ಳುವುದು ಬೇರೆ. ನಮ್ಮ ಭಾಷೆಯಲ್ಲಿ ‘ಸಾಕು’ ಎಂಬ ಶಬ್ದಕ್ಕೆ ಪೋಷಿಸೆಂದೂ ಇಷ್ಟಕ್ಕೆ ನಿಲ್ಲಲಿ ಎಂದೂ ಎರಡರ್ಥಗಳಿರುವುವು. ತಾತ್ಕಾಲಿಕವಾಗಿ ಸಾಕುವವರು ಎರಡನ್ನೂ ಅರಿತಿರಬೇಕು. ಒಂದು ನಾಯಿಯನ್ನು ಬಿಡಲಾರದೆ ಉಳಿಸಿಕೊಂಡರೆ ಮುಂದಿನದಕ್ಕೆ ಮನೆಯಲ್ಲಿ ಎಡೆಯಿರುವುದಿಲ್ಲ.

ಈ ಸಾಕುಧರ್ಮದ ಪೂರ್ಣರೂಪವನ್ನು ಕಾಣಬೇಕಾದರೆ ಶಾಕುಂತಲದ ನಾಲ್ಕನೆಯ ಅಂಕವನ್ನೋದಬೇಕು. ಹೆತ್ತವಳು ಬಿಟ್ಟ ಕೂಸನ್ನು ಸಾಕಿ ಬೆಳೆಯಿಸಿದ ಕಣ್ವರು ಅದನ್ನು ಪರರ ಮನೆಗೆ ಕಳುಹಿಸುವ ಸಂದರ್ಭವದು. ಕಣ್ವರು ಅಳದೆ ಇರುವುದಿಲ್ಲ. ಆದರೂ ಕಳುಹಿಸಿದ ಮೇಲೆ, ಇಟ್ಟುಹೋದ ನ್ಯಾಸವನ್ನು ಒಡೆಯನಿಗೆ ಹಿಂದಿರುಗಿಸಿದವನಂತೆ ಅವರ ಅಂತರಾತ್ಮವು ತಿಳಿಯಾಗುವುದು. ಇದೇ ಅಂಕದಲ್ಲಿ ಕಾಳಿದಾಸನು ಇನ್ನೊಂದು ಸಾಕುಮರಿಯನ್ನೂ ತಂದಿರುವನು. ತಾಯಿ ಸತ್ತ ಜಿಂಕೆಮರಿಗೆ ಶಕುಂತಲೆಯು ಶ್ಯಾಮಾಕದ ಕಾಳುಗಳನ್ನು ಮುಷ್ಟಿಯಲ್ಲಿ ತಿನ್ನಿಸಿದ್ದಳು. ದರ್ಭೆಯು ಚುಚ್ಚಿದ ಬಾಯಿಗೆ ಇಂಗುದಿಯ ಎಣ್ಣೆಯನ್ನು ಹಚ್ಚಿದ್ದಳು. ಅದು ಸೆರಗನ್ನು ಹಿಡಿದೆಳೆಯುವಾಗ, ಇನ್ನು ಮುಂದೆ ನಿನ್ನನ್ನು ತಂದೆಯು ನೋಡಿಕೊಳ್ಳುವನೆಂದು ಅವಳು ಸಂತೈಸುವಳು. ಸಾಕಿದವಳು ಹೊರಡುವ ಮುನ್ನ ತಾನು ಸಾಕಿದುದಕ್ಕೆ ಗತಿಯನ್ನು ಏರ್ಪಡಿಸುವಳು. ವಿರಹವೇ ಈ ಅಂಕದ ಜೀವಾಳವೆನ್ನುವುದು ರೂಢಿ. ಕಾಳಿದಾಸನ ದೃಷ್ಟಿಯು ಹಸ್ತಾಂತರದ ಹೊಣೆಯ ಮೇಲೂ ಇರುವುದನ್ನು ಗಮನಿಸಬೇಕು.

ಮಿಲ್ಲಿನ ನಾಯಿಯನ್ನು ಸಾಕುವವರ ದಿನಚರಿಯೂ ಹೀಗೆಯೇ ಸಣ್ಣ ಸಣ್ಣ ಕೆಲಸಗಳದು. ಮನುಷ್ಯನ ಕೈಯೆಂದರೆ ನಡುಗುವ ನಾಯಿಯನ್ನು ಮುದ್ದಿಸಲು ಹೋಗಕೂಡದು. ಅದರ ಕಡೆಗೆ ನೆಟ್ಟನೋಟವಿಡದೆ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು, ತಿಂಡಿಯನ್ನು ಹತ್ತಿರವಿಟ್ಟು ಕಾಯಬೇಕು. ಮನೆಯಲ್ಲಿ ಧೈರ್ಯವುಳ್ಳ ಮತ್ತೊಂದು ನಾಯಿಯಿದ್ದರೆ ಅದನ್ನು ನೋಡಿಯೇ ಹೊಸತು ಬಹಳ ಕಲಿಯುವುದು. ಬೆದರಿದರೆ ಓಡಿಬಿಡುವುದಾದುದರಿಂದ ಹೊರಗೆ ಕರೆದೊಯ್ಯುವಾಗ ಎರಡು ಹಗ್ಗ ಕಟ್ಟಬೇಕು. ಒಂದಕ್ಕೆ ವಾರಗಳು ಸಾಕು, ಮತ್ತೊಂದಕ್ಕೆ ತಿಂಗಳುಗಳು ಬೇಕು. ಬಾಲವು ಮೊದಲ ಸಲ ಅಲ್ಲಾಡಿದ ದಿನವನ್ನು ಸಾಕಿದವರು ಮರೆಯಲಾರರು.

ಆದರೆ ಐದನೆಯ ಅಂಕದಲ್ಲಿ ಒಂದು ದೋಷವು ನಡೆಯುವುದು. ಅದು ಕವಿಯದಲ್ಲ, ಕಣ್ವಶಿಷ್ಯರದು. ರಾಜನು ಗುರುತಿಸದೆ ನಿರಾಕರಿಸಿದಾಗ ಶಾರ್ಙ್ಗರವನು ಶಕುಂತಲೆಯನ್ನು ಅಲ್ಲಿಯೇ ಬಿಟ್ಟು ಹೊರಡುವನು. ಬೆನ್ನಟ್ಟಿ ಬಂದವಳನ್ನು ಗದರಿಸುವನು. ಆ ಕಾಲದ ಲೋಕಧರ್ಮವು ಅವನ ಪಕ್ಷದಲ್ಲಿರಬಹುದು. ಸಹೃದಯನ ಮನಸ್ಸು ಇರಲಾರದು. ಅನಾಥೆಯನ್ನು ಕರೆದೊಯ್ಯಲು ಜ್ಯೋತಿಯೊಂದು ಆಕಾಶದಿಂದ ಇಳಿಯಬೇಕಾಯಿತು. ಈ ವಿಷಯದಲ್ಲಿ ಇಂದಿನ ಒಳ್ಳೆಯ ಪ್ರಾಣಿರಕ್ಷಕರು ಕಣ್ವಶಿಷ್ಯರಿಗಿಂತ ಮೇಲು. ಅವರು ನಾಯಿಯನ್ನು ಕೊಡುವ ಮೊದಲು ಹೋಗತಕ್ಕ ಮನೆಯನ್ನು ನೋಡಿ ಬರುವರು. ಎಂದಾದರೂ ಅಲ್ಲಿ ಬೇಡವಾದರೆ ಬೀದಿಗೆ ಬಿಡದೆ ತಮಗೇ ಹಿಂದಕ್ಕೆ ಒಪ್ಪಿಸಬೇಕೆಂದು ಬರೆಯಿಸಿಕೊಳ್ಳುವರು. ಜ್ಯೋತಿಯು ಇಳಿಯುವುದೆಂದು ಅವರು ನಂಬಿ ಕೂರುವುದಿಲ್ಲ.

ಮನುಷ್ಯರೇ ಹಸಿದಿರುವಾಗ ನಾಯಿಗಳ ಚಿಂತೆಯೇಕೆಂಬ ಆಕ್ಷೇಪವು ಉಳಿಯುತ್ತದೆ. ಹಸಿದವನ ಅನ್ನವನ್ನು ಕಸಿದು ನಾಯಿಗೆ ಹಾಕೆಂದು ಯಾರೂ ಹೇಳುತ್ತಿಲ್ಲ. ಇಲ್ಲಿಯ ಕ್ಲೇಶವು ಬರಗಾಲದಿಂದ ಬಂದುದಲ್ಲ; ಸಂಪನ್ನಗೃಹಗಳ ಆಸೆಯಿಂದ ಹುಟ್ಟಿದುದು. ಹುಟ್ಟುಹಬ್ಬಕ್ಕೆ ಮಗುವಿಗೊಂದು ಪಗ್ ಮರಿಯನ್ನೋ ಷಿಟ್ಸು ಮರಿಯನ್ನೋ ತರುವ ಮನೆಗಳು ನಮ್ಮ ಜಿಲ್ಲೆಯಲ್ಲಿಯೂ ಈಗ ವಿರಳವಲ್ಲ. ಅಂತಹ ಮನೆಯವರು ಹಣವನ್ನೆಣಿಸುವ ಮೊದಲು, ಇದರ ತಾಯಿಯೆಲ್ಲಿ ಎಂದು ಕೇಳಲಿ. ಮಾರುವವನು ತೋರಿಸಿದರೆ ನೋಡಲಿ; ಜನಮೇಜಯನ ತಮ್ಮಂದಿರಂತೆ ಉತ್ತರ ಕೊಡದೆ ನಿಂತರೆ ಮರಿಯನ್ನು ಕೊಳ್ಳದೆ ಹಿಂದಿರುಗಲಿ. ಸರಮೆಯ ಪ್ರಶ್ನೆಗೆ ಇಷ್ಟು ಕಾಲದ ಮೇಲಾದರೂ ಗೃಹಸ್ಥರು ಕೊಡಬಹುದಾದ ಉತ್ತರವಿದು.