ನಂದಿಯ ನೆರಳಿನಲ್ಲಿ ಒಂದು ಊಟ

ಊಟವನ್ನು ವಿಮರ್ಶೆ ಮಾಡುವುದು ಸಾಹಿತ್ಯ ಪುರವಣಿಯ ಕೆಲಸವೇ ಎಂದು ವಾಚಕರು ಕೇಳಬಹುದು. ಕೇಳಲಿ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ 'ಮಾನಸೋಲ್ಲಾಸ'ವನ್ನು ಬರೆದಾಗ, ಆನೆ ಕುದುರೆಗಳಿಗೂ ಸಂಗೀತಕ್ಕೂ ಕೊಟ್ಟ ಮರ್ಯಾದೆಯನ್ನೇ ಅಡಿಗೆಗೂ ಕೊಟ್ಟ. 16ನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ. ದೊರೆಯ ಗ್ರಂಥದಲ್ಲಿ ಹಂದಿ, ಜಿಂಕೆ, ಮೀನು, ಆಮೆ, ಕಡೆಗೆ ಗದ್ದೆಯ ಇಲಿ ಕೂಡ ಉಂಟು. ಜೈನ ಕವಿಯ ಗ್ರಂಥದಲ್ಲಿ ಮಾಂಸದ ಸುಳಿವೇ ಇಲ್ಲ. ಆದರೆ ಇಬ್ಬರೂ ತಾವು ಬಡಿಸುವುದು ಏನೆಂಬುದನ್ನು ಬಾಯಿಬಿಟ್ಟು ಹೇಳಿದ್ದಾರೆ. ನಾನು ಈಚೆಗೆ ಓದಿದ ಒಂದು ಬರಹದಲ್ಲಿ ಈ ಗುಣ ಕಾಣಲಿಲ್ಲ. ಆ ಬರಹ ಒಂದು ಹೋಟೆಲಿನ ಮೆನು ಕಾರ್ಡು.

ದೇವನಹಳ್ಳಿಯ ಸೀಮೆಯನ್ನು ಚಕ್ಕೋತಕ್ಕೂ ದ್ರಾಕ್ಷಿಗೂ ಟಿಪ್ಪುವಿನ ಹುಟ್ಟೂರೆಂಬುದಕ್ಕೂ ನೆನೆಯುತ್ತಿದ್ದವರು ಈಗ ವಿಮಾನ ನಿಲ್ದಾಣಕ್ಕಾಗಿ ನೆನೆಯುತ್ತಾರೆ. 2008ರಲ್ಲಿ ನಿಲ್ದಾಣ ತೆರೆದ ಮೇಲೆ ಹೊಲಗಳಿದ್ದ ಕಡೆ ಹೋಟೆಲುಗಳು ಎದ್ದಿವೆ. ಅಂಥ ಒಂದಕ್ಕೆ, ಹೆಸರು ಬೇಡ, ನನ್ನನ್ನು ಊಟಕ್ಕೆ ಕರೆದವರು ನನ್ನ ಹಳೆಯ ಗೆಳೆಯರು. ಹೊಸಕೋಟೆಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವರು ಮೇಷ್ಟರಾಗಿದ್ದು ನಿವೃತ್ತರಾದರು. ಮಗ ಇಂಜಿನಿಯರು, ಅಪ್ಪನಿಗೆ 70 ತುಂಬಿತೆಂದು ಅವನೇ ಊಟದ ಏರ್ಪಾಟು ಮಾಡಿದ್ದ. ಅಲ್ಲಿಯ ಸ್ಟೇಕ್ ಬಹಳ ಹೆಸರಾದದ್ದಂತೆ. ಹುಟ್ಟಾ ಮಾಂಸ ತಿನ್ನದ ನನಗೆ ಅಲ್ಲೇನು ಕೆಲಸವೆಂದರೆ, "ನೀವು ಕಾರ್ಡು ಓದಿ, ನಾನು ತಿಂತೀನಿ" ಎಂದರು ಮೇಷ್ಟರು. ಕೆಲಸ ಹಂಚಿಕೆಯಾಯಿತು.

ರಾತ್ರಿಯ ಊಟಕ್ಕೆ ಹಸಿವು ಬರಲೆಂದು ಬೆಳಗ್ಗೆ ನಂದಿಗೆ ಹೋದೆವು. ಬೆಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದಾದರೂ ಕಣ್ಣಿಗೆ ಅದು ದೇವನಹಳ್ಳಿ ದೊಡ್ಡಬಳ್ಳಾಪುರಗಳದೇ. 2025ರ ಜುಲೈಯಲ್ಲಿ ರಾಜ್ಯದ ಸಚಿವ ಸಂಪುಟ ಆ ಬೆಟ್ಟದ ಮೇಲೆ ಕೂತೇ ಬೆಂಗಳೂರು ಗ್ರಾಮಾಂತರಕ್ಕೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ನಮ್ಮ ಹಿರಿಯರು ಈ ಬೆಟ್ಟವನ್ನು ಚೆನ್ನಾಗಿ ವಿಭಾಗ ಮಾಡಿದ್ದರು. ತಪ್ಪಲಿನಲ್ಲಿ ಭೋಗನಂದೀಶ್ವರ, ನೆತ್ತಿಯ ಮೇಲೆ ಯೋಗನಂದೀಶ್ವರ. ಉಣ್ಣುವುದು, ಉಡುವುದು, ಮದುವೆಯಾಗುವುದು ಕೆಳಗೆ. ಮೇಲೆ ಹೋದರೆ ಬಾಯಿಕಟ್ಟಬೇಕು. ಆಂಗ್ಲರು ಬಂದು ಇದನ್ನು ತಲೆಕೆಳಗು ಮಾಡಿದರು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ದುರ್ಗವನ್ನು ಟಿಪ್ಪುವಿನ ಕಡೆಯವರಿಂದ ಕಿತ್ತುಕೊಂಡಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ 4,851 ಅಡಿ ಎತ್ತರದ ಈ ನೆತ್ತಿಯ ಮೇಲೆ ಬೇಸಗೆಗೆಂದು ಬಂಗಲೆ ಕಟ್ಟಿಸಿದ. ಭೋಗ ಮೇಲಕ್ಕೆ ಹೋಯಿತು. ಅದೇ ಬಂಗಲೆಗೆ ಮುಂದೆ ನೆಹರು ನಿಲಯವೆಂದು ಹೆಸರಾಯಿತು. ಹತ್ತಿರದ ಇನ್ನೊಂದು ಮನೆ ಗಾಂಧಿ ನಿಲಯ. 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ಗಾಂಧೀಜಿ ಬೆಟ್ಟಕ್ಕೆ ಬಂದರು. 1936ರಲ್ಲಿ ಮತ್ತೆ ಬಂದರು. ಅವರು ಕುಡಿಯುತ್ತಿದ್ದದ್ದು ಮೇಕೆಯ ಹಾಲು. 1986ರಲ್ಲಿ ಸಾರ್ಕ್ ದೇಶಗಳ ನಾಯಕರನ್ನು ಬೆಂಗಳೂರಿನಿಂದ ಇಲ್ಲಿಗೇ ಕರೆತಂದರು. ಮೇಲೆ ನಾವು ತಿಂದದ್ದು ಉಪ್ಪಿಟ್ಟು, ಕುಡಿದದ್ದು ಕಾಫಿ. ಉಪ್ಪು ಹಚ್ಚಿದ ಸೌತೆಕಾಯಿಯನ್ನು ಕೊಂಡೆವು. ಅದನ್ನು ಕೋತಿ ತಿಂದಿತು.

ರಾತ್ರಿ ಹೋಟೆಲಿಗೆ ಹೋದರೆ ಬೆಳಗ್ಗೆ ನೋಡಿ ಬಂದ ಬೆಟ್ಟವೇ ಗೋಡೆಯ ಮೇಲಿತ್ತು: ಹಳೆಯ ಬಂಗಲೆ, ಹಳೆಯ ಮೆಟ್ಟಿಲು, ಟೊಪ್ಪಿಗೆಯ ದೊರೆಗಳು, ಎಲ್ಲ ಮಾಸಿದ ಬಣ್ಣದಲ್ಲಿ ದೊಡ್ಡದು ಮಾಡಿ ತೂಗುಹಾಕಿದ ಚಿತ್ರಗಳು. ನಿನ್ನೆ ಮೊನ್ನೆ ಕಟ್ಟಿದ ಕಟ್ಟಡ ನೂರೈವತ್ತು ವರ್ಷದ ಮುಪ್ಪನ್ನು ಎರವಲು ತಂದಿತ್ತು. ಹೊರಗಿನ ಫಲಕದಲ್ಲಿ ಕಾಯಿದೆ ಕೇಳುವ ಶೇಕಡಾ 60ರಷ್ಟು ಕನ್ನಡ ಇತ್ತೆಂದು ಒಪ್ಪಬೇಕು. ಒಳಗೆ ಬಂದಮೇಲೆ ಉಳಿದ 40ರದೇ ಆಳ್ವಿಕೆ.

ಕಾರ್ಡು ಚರ್ಮದ ರಟ್ಟಿನದು, ತೂಕದ್ದು. ಬರವಣಿಗೆಯಲ್ಲಿ ಶ್ರದ್ಧೆಯಿಲ್ಲವೆನ್ನಲಾರೆ. ಕೋಳಿಯಾದರೆ ಕೋಳಿಯೆಂದೂ ಅದು ಹೊಲದಲ್ಲಿ ಕೆದಕಿ ಬೆಳೆದದ್ದೆಂದೂ ಹೇಳಿತ್ತು. ಕುರಿಗೆ ಕುರಿಯೆಂಬ ಹೆಸರಿತ್ತು. ಮೀನು ಯಾವ ಕಡಲಿನದೆಂಬ ವಿವರವಿತ್ತು. ಸೊಪ್ಪು ನಂದಿಯ ತಪ್ಪಲಿನದಂತೆ. ಆದರೆ ಯಾವುದಕ್ಕಾಗಿ ಈ ಊಟದ ಮನೆ ಹೆಸರಾಗಿದೆಯೋ ಆ ಪುಟಕ್ಕೆ ಬಂದಾಗ ಬರೆದವನ ಕೈ ತಡೆದಿತ್ತು. 'ಟೆಂಡರ್‌ಲಾಯ್ನ್, 200 ಗ್ರಾಂ' ಎಂದಿತ್ತು. ಯಾರ ಟೆಂಡರ್‌ಲಾಯ್ನ್? ಕರ್ತೃವಿಲ್ಲದ ವಾಕ್ಯವನ್ನು ಹುಡುಗರು ಬರೆದರೆ ಮೇಷ್ಟರು ಕೆಂಪು ಶಾಯಿಯಲ್ಲಿ ಗೀಟುಹಾಕುತ್ತಿದ್ದರು. ಇಲ್ಲಿ ಅದಕ್ಕೆ ಸಾವಿರಗಳ ಬೆಲೆ.

ಸ್ಟೇಕ್ ಎಂಬ ಮಾತೇನೂ ಮುಚ್ಚುಮರೆಯದಲ್ಲ. ಉತ್ತರದ ನಾರ್ಸ್ ಜನರ ಹಳೆಯ ನುಡಿಯಿಂದ ಇಂಗ್ಲಿಷಿಗೆ ಬಂದ ಶಬ್ದ. ಕಡ್ಡಿಗೆ ಚುಚ್ಚಿ ಸುಟ್ಟದ್ದು ಎಂದು ಅದರ ಮೂಲಾರ್ಥ. ಸಂಸ್ಕೃತದಲ್ಲಿ ಇದಕ್ಕೆ ಸರಿಯಾಗಿ ಕೂಡುವ 'ಶೂಲ್ಯ' ಎಂಬ ಮಾತಿದೆ. ಶೂಲಕ್ಕೆ ಚುಚ್ಚಿ ಬೇಯಿಸಿದ ಮಾಂಸ. ಸೋಮೇಶ್ವರನ ಬಾಣಸಿಗ ಈ ಹೋಟೆಲಿನ ಅಡಿಗೆಮನೆಗೆ ಬಂದಿದ್ದರೆ ಕೆಂಡವನ್ನು ನೋಡಿ ಗಾಬರಿಯಾಗುತ್ತಿರಲಿಲ್ಲ. ಕಾರ್ಡನ್ನು ಓದಿ ಆಗುತ್ತಿದ್ದನೋ ಏನೋ.

ಆಂಗ್ಲರೂ ಈ ವಿಷಯದಲ್ಲಿ ನೇರವಾಗಿದ್ದವರೇ. ಮದರಾಸಿನ ಸೈನ್ಯಾಧಿಕಾರಿ ಕೆನ್ನಿ-ಹರ್ಬರ್ಟ್ ಎಂಬಾತ 'ವೈವರ್ನ್' ಎಂಬ ಹೆಸರಿನಲ್ಲಿ 1878ರಲ್ಲಿ ಅಡಿಗೆಯ ಪುಸ್ತಕ ಬರೆದ. ಮೂವತ್ತು ಅಧ್ಯಾಯ, ಕೊನೆಗೆ ಮೂವತ್ತು ಊಟದ ಪಟ್ಟಿ. ಆತನ ಪುಸ್ತಕದಲ್ಲಿ ಅಡಿಗೆಯವನಿಗೆ ರಾಮಸ್ವಾಮಿ ಎಂದೇ ಹೆಸರು. ಅವನನ್ನು ಬೈದೂ ತಿದ್ದಿಯೂ ದಣಿಯದ ಲೇಖಕ. ಆ ರಾಮಸ್ವಾಮಿ ಏನಾದರೂ ಒಂದು ಪುಸ್ತಕ ಬರೆದಿದ್ದರೆ ನಾವು ಎರಡನ್ನೂ ಪಕ್ಕದಲ್ಲಿಟ್ಟು ಓದಬಹುದಾಗಿತ್ತು. ಇರಲಿ.

ಕಾರ್ಡಿನ ಮೌನಕ್ಕೆ ಕಾರಣವಿಲ್ಲದೆ ಇಲ್ಲ. 1964ರ ಕಾಯಿದೆಯಲ್ಲಿ 12 ವರ್ಷ ದಾಟಿದ ಎತ್ತು, ಎಮ್ಮೆಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಕಾಯಿದೆ ಹಸು, ಹೋರಿ, ಎತ್ತು, ಕರುಗಳನ್ನು ಪೂರ್ತಿಯಾಗಿ ತಡೆದು 13 ವರ್ಷ ದಾಟಿದ ಎಮ್ಮೆ ಕೋಣಗಳಿಗಷ್ಟೇ ಎಡೆ ಉಳಿಸಿತು. ಅಂದಮೇಲೆ ಈ ರಾಜ್ಯದಲ್ಲಿ ಕಡಿದದ್ದಾದರೆ ತಟ್ಟೆಗೆ ಬರುವುದು ಮುದಿ ಎಮ್ಮೆ. ಹಾಗೆಂದು ಬರೆದರೆ ಗಿರಾಕಿಗೆ ರುಚಿ ಕೆಡುತ್ತದೆ. ದನವೆಂದರೆ ಬೇರೆ ತಂಟೆ. ಏನೂ ಹೇಳದಿದ್ದರೆ ಎರಡೂ ಇಲ್ಲ. ದೊಡ್ಡಬಳ್ಳಾಪುರದ ಬಳಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನೋಡಿದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ರೈತ ಮೊದಲು ಮಾಡುವ ಕೆಲಸ ಹಳ್ಳಿಕಾರ್ ಹೋರಿಯ ಬಾಯಿ ಬಿಡಿಸಿ ನೋಡುವುದು. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ವಯಸ್ಸು ಅಲ್ಲೇ ತೀರ್ಮಾನ. ಎತ್ತಿನ ಬಾಯಲ್ಲಿ ಇರುವಷ್ಟು ಸತ್ಯ ಈ ಕಾರ್ಡಿನಲ್ಲಿರಲಿಲ್ಲ.

ಮೇಷ್ಟರು ನನ್ನಷ್ಟು ಸುತ್ತು ಬಳಸಲಿಲ್ಲ. ಬಡಿಸುವ ಹುಡುಗ ಬಂದು ಇಂಗ್ಲಿಷಿನಲ್ಲಿ ಪಾಠ ಒಪ್ಪಿಸಿದಾಗ, "ಯಾವೂರಪ್ಪ ನಿಂದು?" ಎಂದರು. ದೊಡ್ಡಬಳ್ಳಾಪುರ. "ಇದು ಎಮ್ಮೇದೋ ಏನು?" ಹುಡುಗ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಎಮ್ಮೇದೇ ಸಾರ್" ಎಂದ. ಅಷ್ಟು ಹೊತ್ತಿಗೆ ಅವನ ಮುಖಕ್ಕೆ ಕಳೆ ಬಂದಿತ್ತು.

ಎಷ್ಟು ಬೇಯಿಸಲಿ ಎಂಬುದು ಮುಂದಿನ ಪ್ರಶ್ನೆ. ರೇರ್, ಮೀಡಿಯಮ್, ವೆಲ್‌ಡನ್ ಎಂದು ಮೆಟ್ಟಿಲುಗಳಿದ್ದವು. ಕನ್ನಡದಲ್ಲಿ ಇದಕ್ಕೆ ಮಾತಿಲ್ಲವೆಂದು ಮೇಷ್ಟರ ಮಗ ನಕ್ಕ. ಇಲ್ಲದೇನು! ಹಸಿಬಿಸಿ ಎಂಬುದುಂಟು, ಅರೆಬೆಂದದ್ದು ಎಂಬುದುಂಟು, ಎಲ್ಲಕ್ಕೂ ಮಿಗಿಲಾಗಿ ಹದ ಎಂಬುದುಂಟು. ಬಿತ್ತನೆಗೆ ನೆಲದ ಹದ, ಗಡಿಗೆಗೆ ಮಣ್ಣಿನ ಹದ, ಬೆಲ್ಲಕ್ಕೆ ಪಾಕದ ಹದ. ನಿಮಿಷ ಲೆಕ್ಕ ಹಾಕಿ ಹದವನ್ನು ಹೇಳಲು ಬರುವುದಿಲ್ಲ, ಕೈ ಬಲ್ಲುದು. "ಹದವಾಗಿ ಬೇಯಿಸು ಅಂತ ಹೇಳಪ್ಪ" ಎಂದರು ಮೇಷ್ಟರು. ಹುಡುಗ ಚೀಟಿಯಲ್ಲಿ ಮೀಡಿಯಮ್ ಎಂದು ಬರೆದುಕೊಂಡ. ಅನುವಾದ ಇಷ್ಟು ಸುಲಭವೆಂದು ನನಗೆ ತಿಳಿದಿರಲಿಲ್ಲ.

ನನಗೆ ಬಂದದ್ದು ಹೂಕೋಸಿನ ಸ್ಟೇಕ್. ಹೂಕೋಸನ್ನು ಹಲಗೆಯ ಹಾಗೆ ಸೀಳಿ, ಎರಡು ಮಗ್ಗುಲೂ ಕಪ್ಪಾಗುವಂತೆ ಸುಟ್ಟು, ಮಾಂಸದ ಚಾಕುವನ್ನೇ ಪಕ್ಕದಲ್ಲಿಟ್ಟಿದ್ದರು. ಸಸ್ಯಾಹಾರಿಗಳ ಮೇಲೆ ಹೋಟೆಲಿನವರಿಗಿರುವ ಕನಿಕರ ದೊಡ್ಡದು. ಒಳಗೆ ಹಸಿಯಾಗಿತ್ತು. ಹೆಚ್ಚು ಹೇಳುವುದಕ್ಕೇನಿಲ್ಲ.

ಮೇಷ್ಟರ ತಟ್ಟೆಯ ವಿಮರ್ಶೆ ಅವರದು. ನಾನು ಬರೆದುಕೊಂಡವನು ಮಾತ್ರ. ಕೆಂಡದ ಮೇಲೆ ಸೀದ ಹೊರಮೈಯ ವಾಸನೆ ಒಳ್ಳೆಯದು. ಉಪ್ಪು ಮೆಣಸು ಬಿಟ್ಟು ಬೇರೆ ಮಸಾಲೆ ಹಾಕದಿರುವುದು ಧೈರ್ಯದ ಕೆಲಸ. ಬೆಂದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ತಂದಿದ್ದಾರೆ, ಕುಯ್ದರೆ ರಸ ಹರಿದುಹೋಗಿಲ್ಲ. ಪಕ್ಕದ ಗೊಜ್ಜು ಬೇಡವಾಗಿತ್ತು. ಆಮೇಲೆ ಅವರು ಹೇಳಿದ ಮಾತು ಯಾವ ಅಡಿಗೆಯ ಪುಸ್ತಕದಲ್ಲೂ ಇರಲಾರದು. ಬೆನ್ನೆಲುಬಿನ ಒಳಮಗ್ಗುಲಿನ ಈ ತುಂಡು ಪ್ರಾಣಿ ನಡೆಯುವಾಗ ಹೆಚ್ಚು ದುಡಿಯುವುದಿಲ್ಲ; ಆದ್ದರಿಂದ ಮುಪ್ಪಿನಲ್ಲೂ ಮೆತ್ತಗಿರುತ್ತದೆ, ಕೆಂಡಕ್ಕೆ ತೋರಿಸಿದರೆ ಸಾಕು. "ನಮ್ಮ ಕೇರಿಗೆ ಈ ತುಂಡು ಯಾವತ್ತೂ ಬರಲಿಲ್ಲ. ದುಡಿದ ಮಾಂಸವೇ ನಮಗೆ ಬರ್ತಿದ್ದದ್ದು, ಕುತ್ತಿಗೆ, ಕಾಲು. ನಮ್ಮವ್ವ ಮಧ್ಯಾಹ್ನ ಒಲೆ ಹಚ್ಚಿದರೆ ದೀಪ ಹಚ್ಚೋ ಹೊತ್ತಿಗೆ ಬೇಯೋದು. ಉಳಿದದ್ದು ಉಪ್ಪುಕಂಡ. ಬೇಯುವಾಗ ಬಾಗಿಲು ಹಾಕೋಳು, ವಾಸನೆ ಊರೊಳಕ್ಕೆ ಹೋಗದಿರಲಿ ಅಂತ. ಇಲ್ಲಿ ನೋಡಿ, ಅಡಿಗೆಮನೆಗೆ ಗಾಜಿನ ಗೋಡೆ ಹಾಕಿದ್ದಾರೆ, ಎಲ್ಲರೂ ನೋಡಲಿ ಅಂತ."

ನಾನು ಗಾಜಿನ ಕಡೆ ನೋಡಿದೆ. ಬಿಳಿಯ ಟೋಪಿಯವರು ಕೆಂಡವನ್ನು ಕೆದಕುತ್ತಿದ್ದರು.

ಹೈಸ್ಕೂಲಿನ ದಿನಗಳಲ್ಲಿ ನಾನು ಅವರ ಮನೆಗೆ ಎರಡೋ ಮೂರೋ ಸಲ ಹೋಗಿದ್ದುಂಟು. ಅವರ ತಾಯಿ ಪ್ರತಿಸಲವೂ ನನಗೆ ಬಾಳೆಹಣ್ಣು ಕೊಡುತ್ತಿದ್ದರು. ಸಿಪ್ಪೆಯೊಳಗಿನ ಹಣ್ಣಿಗೆ ಮೈಲಿಗೆಯಿಲ್ಲವೆಂದು ನಮ್ಮ ಮನೆಯ ಹಿರಿಯರ ನಂಬಿಕೆ. ಅದನ್ನು ಆ ತಾಯಿ ನಮ್ಮವರಿಗಿಂತ ಚೆನ್ನಾಗಿ ತಿಳಿದಿದ್ದರು. ನಾನು ಒಮ್ಮೆಯೂ ಒಂದು ಲೋಟ ನೀರು ಕೇಳಲಿಲ್ಲ, ಅವರೂ ಕೊಡಲಿಲ್ಲ. ಆ ಮನೆಯಲ್ಲಿ ಬೇಯುತ್ತಿದ್ದದ್ದನ್ನು ನಾನು ತಿನ್ನಬೇಕಾಗಿತ್ತೆಂದಲ್ಲ, ಈಗಲೂ ತಿನ್ನಲಾರೆ. ಆದರೆ ಅಂದು ಆ ಮನೆಯ ಬಾಗಿಲಲ್ಲೇ ನಿಂತು ಹಣ್ಣು ತಿಂದು ಬಂದವನು ಇಂದು ಅದೇ ಮಾಂಸ ಬೇಯುವ ಗಾಜಿನ ಮುಂದೆ ಮಡಿಲಿಗೆ ಬಿಳಿಯ ಬಟ್ಟೆ ಹಾಸಿಕೊಂಡು, ಅದೇ ಕೆಂಡದ ಮೇಲೆ ಸುಟ್ಟ ಹೂಕೋಸನ್ನು ಕುಯ್ಯುತ್ತಿದ್ದೆ. ಕಾರ್ಡು ಬರೆದವನು ಮೇಷ್ಟರಿಂದ ಒಂದು ಹೆಸರನ್ನು ಬಚ್ಚಿಟ್ಟಿರಲಿಲ್ಲ. ಅವರಿಗೆ ಅದು ಮೊದಲೇ ಗೊತ್ತು. ಬಚ್ಚಿಟ್ಟದ್ದು ನನ್ನಂಥವರ ಅನುಕೂಲಕ್ಕೆ. ಈ ದೋಷವನ್ನು ನಾನು ಹೋಟೆಲಿನ ಮೇಲೆ ಪೂರ್ತಿಯಾಗಿ ಹೊರಿಸಲಾರೆ.

ಬಿಲ್ಲಿನ ಜೊತೆ ಅಭಿಪ್ರಾಯ ಬರೆಯುವ ಚೀಟಿ ಬಂತು. ಮಗ ಬಿಲ್ಲನ್ನು ತೆಗೆದುಕೊಂಡ, ಮೇಷ್ಟರು ಚೀಟಿಯನ್ನು. ಕನ್ನಡಕ ಏರಿಸಿಕೊಂಡು, ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡಕ್ಷರದಲ್ಲಿ, "ಎಮ್ಮೆ ಹದವಾಗಿತ್ತು. ಹೂಕೋಸು ಬೇಯಬೇಕು" ಎಂದು ಬರೆದು ಕೆಳಗೆ ರುಜು ಹಾಕಿದರು. ದೊಡ್ಡಬಳ್ಳಾಪುರದ ಹುಡುಗ ಓದಿದ. ತಟ್ಟೆಯಲ್ಲಿಟ್ಟುಕೊಂಡು ಹೋಗಬೇಕಾದ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.